ವೈನ್ ಊರು ನೋಡಲು ಯಾವ ದೇಶಕ್ಕೆ ಹೋಗೋಣ? ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದಿಂದ ಒಂದು ಲೆಕ್ಕ

ನಂದಿ ಬೆಟ್ಟದ ತಪ್ಪಲಲ್ಲಿ ನಮ್ಮದು ಎರಡೂವರೆ ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ. ಕಲ್ಲು ಕಂಬ, ತಂತಿ, ತಲೆ ಮೇಲೆ ಚಪ್ಪರ. ಚಪ್ಪರದ ಮೇಲೆ ದಿನವಿಡೀ ವಿಮಾನಗಳು ಏರುತ್ತವೆ, ಇಳಿಯುತ್ತವೆ. ದೇವನಹಳ್ಳಿ ಏರ್‌ಪೋರ್ಟ್ ಬೆಂಗಳೂರಿನ ಎಷ್ಟೋ ಬಡಾವಣೆಗಳಿಗಿಂತ ನಮಗೇ ಹತ್ತಿರ. ಆದರೂ ತಲೆಮಾರುಗಳಿಂದ ದ್ರಾಕ್ಷಿ ಬೆಳೆದ ನಮ್ಮ ಜನ ಬೇರೆ ದೇಶದ ದ್ರಾಕ್ಷಿ ತೋಟ ನೋಡಿದ್ದು ಕಡಿಮೆ. ಈಗೀಗ ಹೊರಡುತ್ತಿದ್ದಾರೆ. ಮಕ್ಕಳು ಕೆಲಸಕ್ಕೆ ಸೇರಿದ್ದಾರೆ, ಅಪ್ಪ ಅಮ್ಮನಿಗೂ ಪಾಸ್‌ಪೋರ್ಟ್ ಮಾಡಿಸಿದ್ದಾರೆ.

ನಾನು ಜಾರ್ಜಿಯಾ, ಪೋರ್ಚುಗಲ್, ಫ್ರಾನ್ಸ್, ದಕ್ಷಿಣ ಆಫ್ರಿಕಾ ಈ ನಾಲ್ಕು ಕಡೆ ವೈನ್ ಊರುಗಳನ್ನು ಸುತ್ತಿ ಬಂದಿದ್ದೇನೆ. ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ. ಯಾವುದಕ್ಕೆ ಹೋಗೋಣ? ಕೇಳುವಾಗಲೇ ಬಾಯಲ್ಲಿ ಫ್ರಾನ್ಸ್ ಅಂತ ಇರುತ್ತದೆ. ಹೆಸರು ದೊಡ್ಡದು, ಅಲ್ವಾ. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನೀವು ಯಾವ ತಿಂಗಳು ತೋಟ ಬಿಟ್ಟು ಬರಬಹುದು? ನೀವು ನೋಡಬೇಕಾದ್ದು ಬಾಟಲಿಯನ್ನೋ, ಬಳ್ಳಿಯನ್ನೋ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ದೇಶ ತಾನಾಗಿ ಸಿಗುತ್ತದೆ.

ಮೊದಲು ತಿಂಗಳು, ಆಮೇಲೆ ದೇಶ

ನಮ್ಮ ಬೆಂಗಳೂರು ಬ್ಲೂ ವರ್ಷಕ್ಕೆ 2 ಬೆಳೆ ಕೊಡುತ್ತದೆ. ಒಬ್ಬರ ತೋಟದಲ್ಲಿ ಕಟಾವು ಆಗುವಾಗ ಪಕ್ಕದವರ ತೋಟದಲ್ಲಿ ಆಗಷ್ಟೇ ಪ್ರೂನಿಂಗ್, ಅಂದರೆ ಕಡ್ಡಿ ಸವರುವುದು, ಮುಗಿದಿರುತ್ತದೆ. ಯುರೋಪಿನಲ್ಲಿ ಹಾಗಿಲ್ಲ. ಅಲ್ಲಿ ವರ್ಷಕ್ಕೆ ಒಂದೇ ಬೆಳೆ. ಚಳಿ ಬಂತು ಅಂದರೆ ಬಳ್ಳಿ ಎಲೆಯನ್ನೆಲ್ಲ ಉದುರಿಸಿ ಮಲಗಿಬಿಡುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೋದರೆ ಕಾಣುವುದು ಕಪ್ಪು ಮೋಟುಗಳ ಸಾಲು, ನಡುವೆ ಕತ್ತರಿ ಹಿಡಿದ ಜನ. ಪ್ರೂನಿಂಗ್ ಕಲಿಯಬೇಕು ಅನ್ನುವ ರೈತನಿಗೆ ಅದು ಒಳ್ಳೆಯ ಕಾಲವೇ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅಲ್ಲ.

ಜಾರ್ಜಿಯಾ, ಪೋರ್ಚುಗಲ್, ಫ್ರಾನ್ಸ್, ಇಟಲಿ ಎಲ್ಲ ಕಡೆ ಕಟಾವು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾದಲ್ಲಿ ಕಾಲವೇ ತಿರುಗುಮುರುಗು. ಅಲ್ಲಿ ಫೆಬ್ರವರಿ, ಮಾರ್ಚ್. ನಿಮ್ಮ ತೋಟದಲ್ಲಿ ಪ್ರೂನಿಂಗ್ ಆಗಿ ಚಿಗುರು ಬರುತ್ತಿದ್ದರೆ ದಯವಿಟ್ಟು ಎಲ್ಲಿಗೂ ಹೋಗಬೇಡಿ. ಮೋಡ ಮುಸುಕಿ ಎರಡು ದಿನ ಜಿಟಿಜಿಟಿ ಮಳೆ ಹಿಡಿದರೆ ಡೌನಿ ರೋಗ ಬಂದು ಹೂಗೊಂಚಲನ್ನೇ ತಿಂದುಹಾಕುತ್ತದೆ. ಆಗ ನೀವು ಯಾವುದೋ ದೇಶದಲ್ಲಿ ಕೂತು ಫೋನಿನಲ್ಲಿ ಸ್ಪ್ರೇ ಹೊಡೆಸಲು ಆಗುವುದಿಲ್ಲ. ಕಾಯಿ ಬಲಿತ ಮೇಲೆ, ಬಣ್ಣ ತಿರುಗುವ ಮೊದಲು ಹತ್ತು ದಿನ ಸಿಗುತ್ತದೆ. ಅದನ್ನೇ ಹಿಡಿಯಿರಿ.

ತೋಟ ಇಲ್ಲದವರಿಗೆ ಈ ತಲೆಬಿಸಿ ಇಲ್ಲ. ಅವರಿಗೆ ಮೇ ತಿಂಗಳ ಕೊನೆಯಿಂದ ಜೂನ್ ಒಳ್ಳೆಯದು. ಬಳ್ಳಿ ಹಸಿರಾಗಿರುತ್ತದೆ, ಹಗಲು ದೊಡ್ಡದು, ವೈನರಿಯವರಿಗೆ ಮಾತಾಡಲು ಬಿಡುವೂ ಇರುತ್ತದೆ.

ಜಾರ್ಜಿಯಾ: ನಮ್ಮವರಿಗೆ ನನ್ನ ಮೊದಲ ಆಯ್ಕೆ

ಕಪ್ಪು ಸಮುದ್ರದ ಪಕ್ಕದ ಸಣ್ಣ ದೇಶ. ಅಲ್ಲಿನ ಹಳೆಯ ಮಡಕೆ ಚೂರುಗಳಲ್ಲಿ ಸಿಕ್ಕ ವೈನಿನ ಗುರುತು ಸುಮಾರು 8000 ವರ್ಷ ಹಿಂದಿನದು ಅಂತ 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. 500ಕ್ಕೂ ಹೆಚ್ಚು ಸ್ಥಳೀಯ ದ್ರಾಕ್ಷಿ ತಳಿಗಳಿವೆ. ರಾಜಧಾನಿ ಟಿಬಿಲಿಸಿಯಿಂದ ಗೊಂಬೋರಿ ಕಣಿವೆ ದಾಟಿ ಎರಡು ಗಂಟೆ ಹೋದರೆ ತೆಲಾವಿ. ಅದು ಕಾಖೇಟಿ ಅನ್ನುವ ವೈನ್ ಸೀಮೆಯ ಮುಖ್ಯ ಪಟ್ಟಣ. ಒಂದು ಕಡೆ ಹಿಮ ಹೊದ್ದ ಕಾಕಸಸ್ ಬೆಟ್ಟ, ಕೆಳಗೆ ಬಯಲು ತುಂಬ ದ್ರಾಕ್ಷಿ.

ಅಲ್ಲಿನ ವೈನ್ ಮಡಕೆಗೆ ಕ್ವೆವ್ರಿ ಅನ್ನುತ್ತಾರೆ. ಮೊಟ್ಟೆ ಆಕಾರದ ದೊಡ್ಡ ಮಣ್ಣಿನ ಬಾನಿ. ಒಳಗೆ ಜೇನುಮೇಣ ಸವರಿ ಕತ್ತಿನ ತನಕ ನೆಲದಲ್ಲಿ ಹೂಳುತ್ತಾರೆ. ತುಳಿದ ದ್ರಾಕ್ಷಿಯನ್ನು ರಸ, ಸಿಪ್ಪೆ, ಬೀಜ, ಕೆಲವು ಕಡೆ ತೊಟ್ಟಿನ ಸಮೇತ ಸುರಿಯುತ್ತಾರೆ. ಹುದುಗು ನಿಂತ ಮೇಲೆ ಬಾಯಿಗೆ ಕಲ್ಲು ಮುಚ್ಚಿ, ಹಸಿ ಮಣ್ಣು ಮೆತ್ತಿ ಐದಾರು ತಿಂಗಳು ಬಿಡುತ್ತಾರೆ. ಬಿಳಿ ದ್ರಾಕ್ಷಿಯ ವೈನ್ ಕೂಡ ಸಿಪ್ಪೆಯ ಜೊತೆ ಕೂತು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಈ ಪದ್ಧತಿಯನ್ನು ಯುನೆಸ್ಕೋ 2013ರಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ನಾನು ಹೋದ ಮನೆಯಲ್ಲಿ ನೆಲದ ಮೇಲೆ ಬರೀ ಆರು ದುಂಡನೆಯ ಬಾಯಿಗಳು ಕಂಡವು. ನೋಡಿದ ತಕ್ಷಣ ನೆನಪಾಗಿದ್ದು ನಮ್ಮ ಅಜ್ಜಿ ಮನೆಯ ರಾಗಿ ಹಗೇವು. ಅದೇ ಥರ ಸಣ್ಣ ಬಾಯಿ, ಒಳಗೆ ಹೊಟ್ಟೆ ದೊಡ್ಡದು, ಮೇಲೆ ಕಲ್ಲು, ಸುತ್ತ ಮಣ್ಣು. ಹಗೇವಿಗೆ ಇಳಿಯುವ ಮೊದಲು ನಮ್ಮವರು ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಇಳಿಯಬಾರದು, ಒಳಗೆ ಕೆಟ್ಟ ಗಾಳಿ. ವೈನ್ ಹುದುಗುವಾಗ ಬರುವುದೂ ಅದೇ ಗಾಳಿ, ಇಂಗಾಲದ ಡೈ ಆಕ್ಸೈಡ್. ಹಳೆಯ ಕಾಲದಲ್ಲಿ ವೈನ್ ನೆಲಮಾಳಿಗೆಗೆ ಇಳಿಯುವವರೂ ಮೇಣದಬತ್ತಿ ಹಿಡಿದೇ ಇಳಿಯುತ್ತಿದ್ದರು. ಇದನ್ನು ಆ ಮನೆಯ ಯಜಮಾನರಿಗೆ ಕೈಸನ್ನೆಯಲ್ಲಿ, ಫೋನಿನ ಅನುವಾದದಲ್ಲಿ ಹೇಳಿದೆ. ಅವರು ಎದ್ದು ಬಂದು ಭುಜ ಹಿಡಿದರು. ಅಲ್ಲಿಂದ ಮುಂದೆ ನಾನು ಪ್ರವಾಸಿ ಅಲ್ಲ, ನೆಂಟ.

ಅಲ್ಲಿ ಇನ್ನೊಂದು ಪರೀಕ್ಷೆ ಮಾಡಿ ನೋಡಿ. ನಮ್ಮ ಬೆಂಗಳೂರು ಬ್ಲೂ ಹಣ್ಣನ್ನು ಎರಡು ಬೆರಳಲ್ಲಿ ಒತ್ತಿದರೆ ತಿರುಳು ಸಿಪ್ಪೆಯಿಂದ ಪುಳಕ್ಕಂತ ಜಾರಿ ಹೊರಗೆ ಬರುತ್ತದೆ. ತಿರುಳು ತಿಳಿ ಹಸಿರು, ಬಣ್ಣ ಇರುವುದೆಲ್ಲ ಸಿಪ್ಪೆಯಲ್ಲಿ. ಅದು ಅಮೆರಿಕ ಮೂಲದ ಲಾಬ್ರುಸ್ಕಾ ಜಾತಿಯ ಗುಣ. ಕಾಖೇಟಿಯ ಸಪೆರಾವಿ ಹಣ್ಣನ್ನು ಒತ್ತಿದರೆ ಸಿಪ್ಪೆ ಬಿಡುವುದಿಲ್ಲ, ಬೆರಳು ಕೆಂಪಾಗುತ್ತದೆ. ತಿರುಳೂ ಕೆಂಪು. ಸಪೆರಾವಿ ಅಂದರೆ ಅವರ ಭಾಷೆಯಲ್ಲಿ ಬಣ್ಣ ಹಾಕುವುದು ಅಂತಲೇ ಅರ್ಥ. ಈ ಒಂದು ಹಣ್ಣಿನಲ್ಲಿ ನಮ್ಮ ದ್ರಾಕ್ಷಿ ಜಾತಿಗೂ ಅವರದಕ್ಕೂ ಇರುವ ಫರಕು ಕೈಗೇ ಗೊತ್ತಾಗುತ್ತದೆ.

ಸಸ್ಯಾಹಾರಿಗಳಿಗೆ ಜಾರ್ಜಿಯಾದಷ್ಟು ಸಲೀಸಾದ ವೈನ್ ದೇಶ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಚೀಸ್ ತುಂಬಿದ ಬಿಸಿ ರೊಟ್ಟಿ ಖಚಾಪುರಿ, ಹುರುಳಿಕಾಯಿ ಜಾತಿಯ ಕಾಳು ಬೇಯಿಸಿದ ಲೋಬಿಯೋ, ಬದನೆಕಾಯಿಗೆ ಅಕ್ರೋಟ್ ಮಸಾಲೆ ಸುತ್ತಿದ ಬದ್ರಿಜಾನಿ. ಕೊತ್ತಂಬರಿ, ಬೆಳ್ಳುಳ್ಳಿ ಧಾರಾಳ. ವೈನ್ ಮುಟ್ಟದ ನನ್ನ ಅಮ್ಮ ಅಲ್ಲಿ ಚುರ್ಚ್‌ಖೇಲಾ ತಿಂದುಕೊಂಡೇ ಖುಷಿಯಾಗಿದ್ದರು. ಅಕ್ರೋಟನ್ನು ದಾರಕ್ಕೆ ಪೋಣಿಸಿ, ಹಿಟ್ಟು ಹಾಕಿ ಕಾಯಿಸಿದ ದ್ರಾಕ್ಷಿ ರಸದಲ್ಲಿ ಅದ್ದಿ ಅದ್ದಿ ಒಣಗಿಸಿದ ತಿಂಡಿ. ನಮ್ಮ ತೋಟದ ಹಣ್ಣಲ್ಲೂ ಮಾಡಬಹುದಲ್ಲಾ ಅಂತ ಅಲ್ಲೇ ಲೆಕ್ಕ ಹಾಕುತ್ತಿದ್ದರು.

ತೊಂದರೆಯೂ ಇದೆ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ, ನಡುವೆ ಬದಲಿಸಬೇಕು. ಹಳ್ಳಿಗಳಲ್ಲಿ ಇಂಗ್ಲಿಷ್ ಕಡಿಮೆ. ವೀಸಾಕ್ಕೆ ಆನ್‌ಲೈನ್ ಅರ್ಜಿ ಇದೆ. ಆದರೆ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ಮೊದಲು ಅವರ ಸರ್ಕಾರಿ ತಾಣವನ್ನೇ ನೋಡಿ. ಇಳಿದ ಮೇಲೆ ಗಡಿಯಲ್ಲಿ ಪ್ರಶ್ನೆ ಜಾಸ್ತಿ ಕೇಳಬಹುದು. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಕಾಗದದಲ್ಲಿ ಪ್ರಿಂಟ್ ಹಾಕಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಇನ್ನೊಂದು, ಅಲ್ಲಿನ ಮನೆ ಊಟದಲ್ಲಿ ತಮಾದ ಅನ್ನುವ ಹಿರಿಯರು ಒಂದೊಂದು ಮಾತು ಹೇಳಿ ಲೋಟ ಎತ್ತಿಸುತ್ತಾರೆ. ಸತ್ತ ಹಿರಿಯರ ಹೆಸರಲ್ಲಿ, ಮಕ್ಕಳ ಹೆಸರಲ್ಲಿ, ನೆಲದ ಹೆಸರಲ್ಲಿ. ಕುಡಿಯದವರು ಲೋಟ ತುಟಿಗೆ ಮುಟ್ಟಿಸಿ ಇಟ್ಟರೂ ಬೇಜಾರು ಮಾಡುವುದಿಲ್ಲ. ಮೊದಲೇ ಹೇಳಿಬಿಡಿ.

ಡೌರೋ ಕಣಿವೆ: ಪೋರ್ಟ್ ವೈನಿನ ತವರು

ನಮ್ಮ ಕಡೆ ವೈನ್ ಅಂದರೆ ಎಷ್ಟೋ ಜನಕ್ಕೆ ಸಿಹಿ ಪೋರ್ಟ್. ಗೋವಾದಲ್ಲಿ ಮಾರುವ ಪೋರ್ಟಿಗೆ ನಮ್ಮ ಬೆಂಗಳೂರು ಬ್ಲೂ ಹಣ್ಣು ಹೋಗುತ್ತದೆ. ಹಾಗಾಗಿ ಅಸಲಿ ಪೋರ್ಟ್ ಹುಟ್ಟಿದ ಜಾಗ ನೋಡಬೇಕು ಅಂತ ನನಗೆ ಮೊದಲಿನಿಂದ ಆಸೆ ಇತ್ತು. ಪೋರ್ಚುಗಲ್ಲಿನ ಡೌರೋ ನದಿ ಕಣಿವೆ ಅದು. 1756ರಲ್ಲೇ ಸರ್ಕಾರ ಗಡಿ ಗುರುತಿಸಿ, ಈ ಸೀಮೆಯ ದ್ರಾಕ್ಷಿಗೆ ಮಾತ್ರ ಈ ಹೆಸರು ಅಂತ ಕಟ್ಟು ಮಾಡಿತು. ನಮ್ಮ ಬೆಂಗಳೂರು ಬ್ಲೂಗೆ ಜಿಐ, ಅಂದರೆ ಈ ಸೀಮೆಯ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿದ್ದು 2013ರಲ್ಲಿ. ಅವರು ನಮಗಿಂತ 257 ವರ್ಷ ಮೊದಲು ಆ ಕೆಲಸ ಮಾಡಿಕೊಂಡಿದ್ದರು.

ಪೋರ್ಟೋ ನಗರದ ಸಾವ್ ಬೆಂಟೊ ನಿಲ್ದಾಣದಿಂದ ರೈಲು ಹತ್ತಿ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ಬರುವಾಗ ಎಡಗಡೆ. ಒಂದು ಗಂಟೆ ಆದ ಮೇಲೆ ನದಿ ಬಂದು ಹಳಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಪಿನ್ಯಾವ್ ತನಕ ಬಿಡುವುದಿಲ್ಲ. ಒಟ್ಟು ಎರಡೂವರೆ ಗಂಟೆ ದಾರಿ. ಪಿನ್ಯಾವ್ ನಿಲ್ದಾಣದ ಗೋಡೆಯ ನೀಲಿ ಹೆಂಚುಗಳ ಮೇಲೆ ಕಟಾವಿನ ಚಿತ್ರಗಳಿವೆ. ಬೆನ್ನ ಮೇಲೆ ಬುಟ್ಟಿ ಹೊತ್ತವರು, ದೋಣಿಗೆ ಪೀಪಾಯಿ ತುಂಬುವವರು. ಆ ನಿಲ್ದಾಣದಲ್ಲೇ ಅರ್ಧ ಗಂಟೆ ನಿಂತಿದ್ದೆ.

ಅಲ್ಲಿನ ಬೆಟ್ಟ ನೋಡಿದರೆ ನಮ್ಮ ಬರಗಾಲದ ನೆಲವೇ ವಾಸಿ ಅನ್ನಿಸುತ್ತದೆ. ಮಣ್ಣೇ ಇಲ್ಲ. ಶಿಸ್ಟ್ ಅನ್ನುವ ಪದರ ಪದರ ಕಲ್ಲು. ಅದನ್ನು ಒಡೆದು, ಗೋಡೆ ಕಟ್ಟಿ, ಮೆಟ್ಟಿಲು ಮಾಡಿ ಬಳ್ಳಿ ನೆಟ್ಟಿದ್ದಾರೆ. ಕಲ್ಲಿನ ಪದರ ನೇರ ಕೆಳಗೆ ಸೀಳಿಕೊಂಡಿರುವುದರಿಂದ ಬೇರು ಆ ಬಿರುಕಲ್ಲಿ ಆಳಕ್ಕೆ ಇಳಿದು ನೀರು ಹುಡುಕಿಕೊಳ್ಳುತ್ತದೆ. ಹಳೆಯ ತೋಟಗಳಿಗೆ ಡ್ರಿಪ್ ಇಲ್ಲ. ನಮ್ಮಲ್ಲಿ ಸಾವಿರ ಅಡಿ ಬೋರ್ ಕೊರೆಸಿ, ಅದೂ ಬತ್ತಿ, ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಬಿಡುವ ಎಚ್.ಎನ್. ವ್ಯಾಲಿ ನೀರು ಕೆರೆಗೆ ಬಂತಾ ಅಂತ ನೋಡಿಕೊಂಡು ಕೂರುವವರಿಗೆ ಇದು ಸಣ್ಣ ವಿಷಯ ಅಲ್ಲ. ಅದು ನಮ್ಮ ನೆಲಕ್ಕೆ ಹಾಗೇ ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ಅವರ ಬಳ್ಳಿ ಅರ್ಧ ವರ್ಷ ಮಲಗುತ್ತದೆ, ನಮ್ಮದು ವರ್ಷಪೂರ್ತಿ ದುಡಿಯುತ್ತದೆ. ಆದರೂ ಬೇರು ಎಷ್ಟು ಆಳ ಹೋಗಬಲ್ಲದು ಅನ್ನುವುದನ್ನು ಅಲ್ಲಿ ರಸ್ತೆ ಕಡಿದ ಗೋಡೆಯಲ್ಲೇ ನೋಡಬಹುದು.

ಸೆಪ್ಟೆಂಬರ್ ಕೊನೆಯಲ್ಲಿ ಹೋದರೆ ಕೆಲವು ತೋಟಗಳಲ್ಲಿ ಗ್ರಾನೈಟ್ ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯುವುದು ಕಾಣುತ್ತದೆ. ತೊಡೆ ತನಕ ಹಣ್ಣು. ಸಾಲಾಗಿ ನಿಂತು, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ, ಒಬ್ಬರು ಎಡ ಬಲ ಅಂತ ಕೂಗಿದಂತೆ ಹೆಜ್ಜೆ ಹಾಕುತ್ತಾರೆ. ನಾಟಿ ಗದ್ದೆಯ ನೆನಪು ಬರುತ್ತದೆ. ಎರಡು ಗಂಟೆ ಆದ ಮೇಲೆ ಸಂಗೀತ ಶುರು, ಮನಸ್ಸು ಬಂದ ಹಾಗೆ ಕುಣಿಯಬಹುದು. ಹುದುಗು ಎರಡು ಮೂರು ದಿನ ನಡೆದ ಮೇಲೆ 77 ಶೇಕಡಾ ದ್ರಾಕ್ಷಿ ಸ್ಪಿರಿಟ್ ಸುರಿದು ನಿಲ್ಲಿಸುತ್ತಾರೆ. ಸಕ್ಕರೆ ಹಾಗೇ ಉಳಿಯುತ್ತದೆ. ಪೋರ್ಟಿನ ಸಿಹಿ ಹಣ್ಣಿನದೇ, ಮೇಲಿಂದ ಹಾಕಿದ್ದಲ್ಲ. ಆಲ್ಕೋಹಾಲ್ 19ರಿಂದ 22 ಶೇಕಡಾ, ಮಾಮೂಲಿ ವೈನಿಗಿಂತ ಜಾಸ್ತಿ. ಜ್ಯೂಸಿನ ಹಾಗೆ ಕುಡಿದುಬಿಡಬೇಡಿ.

ಕಾರು ಓಡಿಸದವರಿಗೆ ಡೌರೋ ಬಹಳ ಅನುಕೂಲ. ರೈಲು, ದೋಣಿ, ನಡಿಗೆ ಮೂರರಲ್ಲೇ ಮುಗಿಯುತ್ತದೆ. ಕಷ್ಟ ಅಂದರೆ ಊಟ. ಮೀನು, ಮಾಂಸ ಇಲ್ಲದ ಪದಾರ್ಥ ಹಳ್ಳಿಯಲ್ಲಿ ಹುಡುಕಬೇಕು. ಸೂಪು, ಬ್ರೆಡ್, ಚೀಸ್, ಆಲೂಗಡ್ಡೆ, ಮೊಟ್ಟೆ ಇಷ್ಟರಲ್ಲೇ ದಿನ ತಳ್ಳಬೇಕಾಗುತ್ತದೆ. ವಯಸ್ಸಾದವರಿಗೆ ಏರು ಮೆಟ್ಟಿಲು ಬೇರೆ. ಮಂಡಿ ನೋವಿರುವವರು ಪೋರ್ಟೋದ ಎದುರು ದಡ, ವಿಲಾ ನೋವಾ ದೆ ಗಾಯಾದಲ್ಲಿ ವೈನ್ ಹಳೆಯದಾಗಲು ಇಟ್ಟಿರುವ ಉಗ್ರಾಣ ನೋಡಿಕೊಂಡು, ಒಂದು ದಿನ ರೈಲಲ್ಲಿ ಕಣಿವೆಗೆ ಹೋಗಿ ಬಂದರೆ ಸಾಕು.

ಬೋರ್ಡೋ: ಹೆಸರು ನಮಗೆ ಹೊಸದಲ್ಲ

ಬೋರ್ಡೋ ಅಂದರೆ ನಮ್ಮ ರೈತರಿಗೆ ವೈನ್ ಅಲ್ಲ, ಔಷಧಿ. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಕಬ್ಬಿಣದ ಚಾಕು ಅದ್ದಿ ತೆಗೆದರೆ ಅಲಗಿಗೆ ಕೆಂಪು ಹತ್ತಬಾರದು. ಹತ್ತಿದರೆ ಇನ್ನಷ್ಟು ಸುಣ್ಣ. ಈ ಚಾಕು ಪರೀಕ್ಷೆ ನನಗೆ ಅಪ್ಪ ಕಲಿಸಿದ್ದು. ಈ ದ್ರಾವಣದ ತವರು ಫ್ರಾನ್ಸಿನ ಬೋರ್ಡೋ. 1880ರ ದಶಕದಲ್ಲಿ ಅಲ್ಲಿನ ಮೆಡಾಕ್ ಸೀಮೆಯಲ್ಲಿ ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರಂತೆ. ದಾರಿಹೋಕರು ಹಣ್ಣು ಕಿತ್ತು ತಿನ್ನಬಾರದು ಅಂತ. ಮಿಲಾರ್ಡೆ ಅನ್ನುವ ಪ್ರೊಫೆಸರ್ ಗಮನಿಸಿದರು, ಆ ಬಳ್ಳಿಗಳಿಗೆ ಮಾತ್ರ ಡೌನಿ ಬಂದಿರಲಿಲ್ಲ. ಅಲ್ಲಿಂದ ಶುರುವಾಯಿತು.

ಅದಕ್ಕೇ ನಾನು ಬೋರ್ಡೋಗೆ ಹೋಗಿದ್ದು. ಹೋದದ್ದು ತಪ್ಪಲ್ಲ, ಹೋದ ರೀತಿ ತಪ್ಪು. ಸೆಪ್ಟೆಂಬರ್ ಕೊನೆಯ ಭಾನುವಾರ, ಮೊದಲೇ ಬುಕ್ ಮಾಡದೆ ಮೆಡಾಕ್ ರಸ್ತೆಯಲ್ಲಿ ನಾಲ್ಕು ಗೇಟುಗಳ ಮುಂದೆ ನಿಂತೆ. ನಾಲ್ಕೂ ಮುಚ್ಚಿದ್ದವು. ಅಲ್ಲಿನ ದೊಡ್ಡ ಮನೆತನದ ವೈನರಿಗಳಿಗೆ ವಾರಗಟ್ಟಲೆ ಮೊದಲೇ ಅಪಾಯಿಂಟ್‌ಮೆಂಟ್ ಬೇಕು. ಕಟಾವಿನ ಹೊತ್ತಿನಲ್ಲಿ ಹಲವರು ಯಾರನ್ನೂ ಒಳಗೆ ಬಿಡುವುದಿಲ್ಲ. ಒಂದು ಇಡೀ ದಿನ, ಅಷ್ಟು ದುಡ್ಡು ಹಾಕಿ ಹೋದ ದಿನ, ಗೇಟು ನೋಡಿಕೊಂಡು ಕಳೆದೆ. ನಿಮಗೆ ಹಾಗಾಗಬಾರದು.

ಬೋರ್ಡೋ ಯಾರಿಗೆ ಒಳ್ಳೆಯದು ಅಂದರೆ ಬಾಟಲಿ ಓದಲು ಗೊತ್ತಿರುವವರಿಗೆ. 1855ರಲ್ಲಿ ಮಾಡಿದ ದರ್ಜೆ ಪಟ್ಟಿ ಇವತ್ತಿಗೂ ನಡೆಯುತ್ತದೆ. ನದಿಯ ಎಡದಂಡೆಯ ಜಲ್ಲಿ ನೆಲದಲ್ಲಿ ಕ್ಯಾಬರ್ನೆ ಸುವಿನ್ಯೋ ತಳಿ, ಬಲದಂಡೆಯ ಜೇಡಿ ನೆಲದಲ್ಲಿ ಮೆರ್ಲೋ. ಈ ಫರಕು ನಾಲಿಗೆಗೆ ಗೊತ್ತಾಗುವವರಿಗೆ ಅದು ಹಬ್ಬ. ಆಗದವರಿಗೆ ಎಲ್ಲಾ ಲೋಟವೂ ಒಂದೇ ಥರ. ಆಯ್ಕೆ ಬೋರ್ಡೋನೇ ಆದರೆ ಸೇಂಟ್ ಎಮಿಲಿಯೋಗೆ ಹೋಗಿ. ನಗರದಿಂದ ರೈಲಲ್ಲಿ ಸುಮಾರು 40 ನಿಮಿಷ, ಕಲ್ಲಿನ ಹಳೆಯ ಊರು, ಸಣ್ಣ ತೋಟದವರು ಜಾಸ್ತಿ, ಮಾತಿಗೆ ಸಿಗುತ್ತಾರೆ. ನಗರದಲ್ಲಿ 2016ರಲ್ಲಿ ತೆರೆದ ಸಿತೆ ದು ವಿನ್ ಅನ್ನುವ ವೈನ್ ಮ್ಯೂಸಿಯಂ ಇದೆ. ಮಕ್ಕಳಿಗೂ ಹಿಡಿಸುತ್ತದೆ.

ಫ್ರಾನ್ಸಿನಲ್ಲಿ ನಮಗೆ ಹೊಂದುವ ಇನ್ನೊಂದು ಕಥೆ ಇದೆ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಅನ್ನುವ ಬೇರು ಹೇನು ಅವರ ತೋಟಗಳನ್ನು ನೆಲಸಮ ಮಾಡಿತು. ಕೊನೆಗೆ ಉಳಿಸಿದ್ದು ಅಮೆರಿಕದ ಕಾಡು ಬೇರಿನ ಮೇಲೆ ಕಟ್ಟಿದ ಕಸಿ. ನಮ್ಮಲ್ಲಿ ಶರದ್, ಥಾಮ್ಸನ್ ತಳಿ ಬೆಳೆಯುವವರು ಡಾಗ್ರಿಡ್ಜ್ ಬೇರಿಗೆ ಕಸಿ ಕಟ್ಟುತ್ತಾರಲ್ಲ, ಅದೂ ಅಮೆರಿಕದ್ದೇ. ಆದರೆ ನಮ್ಮ ಬೆಂಗಳೂರು ಬ್ಲೂ ಜಾತಿಯ ಘಮ ಅವರಿಗೆ ಆಗದು. ಅದರ ಸಂಬಂಧಿ ಇಸಬೆಲ್ಲಾ ಸೇರಿ 6 ತಳಿಗಳನ್ನು ಫ್ರಾನ್ಸ್ 1934ರ ಕಾನೂನಿನಲ್ಲಿ ನಿಷೇಧಿಸಿತು. ನಮ್ಮ ಹಣ್ಣಿನ ಆ ಘಮವೇ ನನಗೆ ಬಾಲ್ಯ. ಅದನ್ನು ಯಾರೇ ಕೀಳು ಅಂತ ಹೇಳಿದರೂ ನಾನು ಒಪ್ಪುವುದಿಲ್ಲ.

ಟಸ್ಕನಿ, ಚಿಕ್ಕದಾಗಿ

ಇಟಲಿಯ ಫ್ಲಾರೆನ್ಸ್, ಸಿಯೆನಾ ನಡುವಿನ ಕಿಯಾಂಟಿ ಬೆಟ್ಟಗಳು ಹೊಸದಾಗಿ ಮದುವೆಯಾದವರಿಗೆ, ಊಟ ಮುಖ್ಯ ಅನ್ನುವವರಿಗೆ. 1716ರಲ್ಲೇ ಗಡಿ ಹಾಕಿದ ಸೀಮೆ, ಬಾಟಲಿ ಮೇಲೆ ಕಪ್ಪು ಹುಂಜದ ಗುರುತು. ತೋಟದ ಮನೆಯಲ್ಲೇ ಉಳಿಯುವ ವ್ಯವಸ್ಥೆ ಎಲ್ಲೆಡೆ ಇದೆ, ಪಾಸ್ತಾ, ಟೊಮೆಟೊ, ಆಲಿವ್ ಎಣ್ಣೆ ಇರುವುದರಿಂದ ಸಸ್ಯಾಹಾರಿಗಳಿಗೆ ಕಷ್ಟ ಇಲ್ಲ. ಆದರೆ ಕಾರು ಬೇಕೇ ಬೇಕು. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ಟನ್ನು ಇಲ್ಲೇ ಆರ್‌ಟಿಒದಲ್ಲಿ ಮಾಡಿಸಿಕೊಳ್ಳಿ. ಹಳೆಯ ಪೇಟೆಗಳ ಒಳಗೆ ಹೊರಗಿನ ಕಾರು ಬಿಡುವುದಿಲ್ಲ, ಕ್ಯಾಮೆರಾ ಹಿಡಿದು ದಂಡ ಹಾಕುತ್ತದೆ. ಆ ದಂಡ ತಿಂಗಳು ಬಿಟ್ಟು ಮನೆ ಬಾಗಿಲಿಗೂ ಬರಬಹುದು.

ದಕ್ಷಿಣ ಆಫ್ರಿಕಾ: ಫೆಬ್ರವರಿಯಲ್ಲಿ ಬಿಡುವಿದ್ದರೆ

ಸೆಪ್ಟೆಂಬರ್ ಆಗುವುದೇ ಇಲ್ಲ ಅನ್ನುವವರಿಗೆ ಕೇಪ್‌ಟೌನ್ ಕಡೆ ನೋಡಿ ಅನ್ನುತ್ತೇನೆ. ನಗರದಿಂದ 50 ಕಿ.ಮೀ. ದೂರದಲ್ಲಿ ಸ್ಟೆಲೆನ್‌ಬಾಷ್, ಅದರಾಚೆ ಫ್ರಾನ್ಶ್‌ಹುಕ್. 1688ರಲ್ಲಿ ಧರ್ಮದ ಕಾರಣಕ್ಕೆ ಫ್ರಾನ್ಸ್ ಬಿಟ್ಟು ಬಂದ ಹ್ಯೂಗನಾಟರು ನೆಲೆಸಿದ ಮೂಲೆ ಅದು. ಫ್ರಾನ್ಶ್‌ಹುಕ್‌ನಲ್ಲಿ ವೈನ್ ಟ್ರಾಮ್ ಓಡುತ್ತದೆ. ಒಂದು ಟಿಕೆಟ್, ಬೇಕಾದ ತೋಟದಲ್ಲಿ ಇಳಿದು, ಮುಂದಿನ ಟ್ರಾಮ್ ಅಥವಾ ಬಸ್ಸು ಹತ್ತಬಹುದು. ಕುಡಿದು ಕಾರು ಓಡಿಸುವ ಪ್ರಶ್ನೆಯೇ ಬರುವುದಿಲ್ಲ.

ಇಂಗ್ಲಿಷ್ ನಡೆಯುತ್ತದೆ, ರಸ್ತೆ ನಮ್ಮ ಹಾಗೆ ಎಡಗಡೆ, ಟೇಸ್ಟಿಂಗ್ ಶುಲ್ಕ ಯುರೋಪಿಗಿಂತ ಹಗುರ. ಕೇಪ್‌ಟೌನಿನಲ್ಲಿ ಸಮೋಸಾ, ಕರಿ, ರೊಟ್ಟಿ ಸಿಗುತ್ತದೆ. ಪಿನೋಟಾಜ್ ಅನ್ನುವ ಅವರದೇ ತಳಿಯನ್ನು 1925ರಲ್ಲಿ ಅಬ್ರಹಾಂ ಪೆರೋಲ್ಡ್ ಅನ್ನುವ ಪ್ರೊಫೆಸರ್ ಪಿನೋ ನ್ವಾರ್ ಮತ್ತು ಸಿನ್ಸೋ ಕೂಡಿಸಿ ಮಾಡಿದರು. ಅವರ ಶೆನಿನ್ ಬ್ಲಾಂಕ್ ಅಂತೂ ಕುಡಿದು ನೋಡಲೇಬೇಕು. ನಮ್ಮ ದೇಶದ ವೈನರಿಗಳೂ ಅದನ್ನೇ ಜಾಸ್ತಿ ಬೆಳೆಸುತ್ತವೆ. ಒಂದೇ ತಳಿ ಎರಡು ನೆಲದಲ್ಲಿ ಹೇಗೆ ಬೇರೆ ಆಗುತ್ತದೆ ಅಂತ ಗೊತ್ತಾಗುತ್ತದೆ. ಪ್ರಯಾಣ ಮಾತ್ರ ಉದ್ದ, ನೇರ ವಿಮಾನ ಇಲ್ಲ. ರಾತ್ರಿ ಹೊತ್ತು ಊರೊಳಗೆ ಒಂಟಿಯಾಗಿ ಓಡಾಡಬೇಡಿ.

ಆಸ್ಟ್ರೇಲಿಯಾದಲ್ಲಿ ಮಕ್ಕಳಿದ್ದರೆ, ಅವರನ್ನು ನೋಡಲು ಹೋದಾಗ ಎರಡು ದಿನ ಬರೋಸ್ಸಾ ಅನ್ನುವ ವೈನ್ ಸೀಮೆ ಸೇರಿಸಿಕೊಳ್ಳಿ. ದಕ್ಷಿಣ ಆಸ್ಟ್ರೇಲಿಯಾಕ್ಕೆ ಫಿಲಾಕ್ಸೆರಾ ಇವತ್ತಿಗೂ ಬಂದಿಲ್ಲ. 1840ರ ದಶಕದಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಸ್ವಂತ ಬೇರಿನ ಮೇಲೆ ಇನ್ನೂ ಹಣ್ಣು ಬಿಡುತ್ತವೆ. ಅದಕ್ಕೇ ಅಲ್ಲಿ ಬೂಟಿನ ಮಣ್ಣಿಗೂ ಹೆದರುತ್ತಾರೆ. ತೋಟದಲ್ಲಿ ಓಡಾಡಿದ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಕೇಳದೆ ಬಳ್ಳಿ ಸಾಲಿನೊಳಗೆ ಕಾಲಿಡಬೇಡಿ. ಅಮೆರಿಕದ ವೈನ್ ಸೀಮೆ ನಾಪಾ ಚೆನ್ನಾಗಿದೆ ಅನ್ನುತ್ತಾರೆ. ಆದರೆ ಒಂದು ಟೇಸ್ಟಿಂಗಿಗೆ ತಲೆಗೆ 40 ಡಾಲರಿಗಿಂತ ಜಾಸ್ತಿ ಕೊಡುವುದು ಅಲ್ಲಿ ಮಾಮೂಲು. ವೈನಿಗಾಗಿಯೇ ಅಲ್ಲಿಗೆ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಹೊರಡುವ ಮೊದಲು

ಒಂದು ಶನಿವಾರ ದೊಡ್ಡಬಳ್ಳಾಪುರದ ಗ್ರೋವರ್ ಜಾಂಪಾ ವೈನರಿಗೆ ಹೋಗಿ ಬನ್ನಿ. ನಮ್ಮ ಬೆಟ್ಟದ ಬುಡದಲ್ಲೇ ಇದೆ. ಸುತ್ತಿ ತೋರಿಸುತ್ತಾರೆ. ನಿಮಗೆ ಕೆಂಪು ಇಷ್ಟವೋ ಬಿಳಿಯೋ, ಒಗರು ಹಿಡಿಸುತ್ತದೋ ಇಲ್ಲವೋ ಅಂತ ಇಲ್ಲೇ ಗೊತ್ತಾದರೆ ಲಕ್ಷಗಟ್ಟಲೆ ಖರ್ಚು ಸರಿಯಾದ ಕಡೆ ಹೋಗುತ್ತದೆ.

ಟೇಸ್ಟಿಂಗಿನಲ್ಲಿ ಉಗಿಯಲು ಬಟ್ಟಲು ಇಟ್ಟಿರುತ್ತಾರೆ. ಬಾಯಿಗೆ ಹಾಕಿಕೊಂಡದ್ದನ್ನು ನಾಲ್ಕು ಜನರ ಮುಂದೆ ಉಗಿಯುವುದು ನಮಗೆ ಕಸಿವಿಸಿ. ಎಂಜಲು ಅಂತ ಬೆಳೆದವರು ನಾವು. ಆದರೆ ಅಲ್ಲಿ ಅದು ಗೌರವವೇ. ದಿನಕ್ಕೆ ಮೂರು ವೈನರಿ, ಒಂದೊಂದರಲ್ಲಿ ಐದು ಲೋಟ ಅಂದರೆ ಹದಿನೈದು ಆಯಿತು. ಉಗಿಯದಿದ್ದರೆ ಮೂರನೆಯದರಲ್ಲಿ ಏನೂ ತಿಳಿಯುವುದಿಲ್ಲ. ಕಾರು ಓಡಿಸುವವರಂತೂ ಮುಟ್ಟಲೇಬಾರದು.

ಫ್ರಾನ್ಸ್, ಇಟಲಿ, ಪೋರ್ಚುಗಲ್ ಮೂರಕ್ಕೂ ಷೆಂಗೆನ್ ವೀಸಾ ಒಂದೇ. ದೊಡ್ಡವರಿಗೆ ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಹೊರಡುವ ದಿನಕ್ಕಿಂತ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅಲ್ಲಿಗೆ ಹಾಕಬೇಕು. ಕಟಾವಿಗೆ ಹೋಗುವವರು ಏಪ್ರಿಲ್‌ನಲ್ಲೇ ಕೂತು ಹಾಕಿಬಿಡಿ.

ವಾಪಸ್ ಬರುವಾಗ ತಲೆಗೆ 2 ಲೀಟರ್ ಮಾತ್ರ ಸುಂಕ ಇಲ್ಲದೆ ತರಬಹುದು. ಅಂದರೆ 750 ಎಂ.ಎಲ್. ಬಾಟಲಿ ಎರಡು. ದ್ರಾಕ್ಷಿ ಕಡ್ಡಿ ತರುವ ಆಸೆ ನಮ್ಮ ರೈತರಿಗೆ ಬಂದೇ ಬರುತ್ತದೆ. ನನಗೂ ಬಂತು, ಸಪೆರಾವಿ ಬಳ್ಳಿಯ ಮುಂದೆ ನಿಂತಾಗ ಕೈ ತುರಿಸಿತು. ತರಬೇಡಿ. ಪರ್ಮಿಟ್, ಕ್ವಾರಂಟೈನ್ ಇಲ್ಲದೆ ಗಿಡ, ಕಡ್ಡಿ ತರುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಒಂದು ಕಡ್ಡಿಯ ಜೊತೆ ಬಂದ ಹುಳ ಒಂದು ದೇಶದ ತೋಟಗಳನ್ನೇ ತಿಂದದ್ದು ಮೇಲೆ ಓದಿದಿರಲ್ಲ.

ವೈನರಿಗೆ ಮೇಲ್ ಬರೆಯುವಾಗ ಮೊದಲ ಸಾಲಿನಲ್ಲೇ ನಾನು ಭಾರತದಲ್ಲಿ ದ್ರಾಕ್ಷಿ ಬೆಳೆಯುವವನು ಅಂತ ಹಾಕಿ. ಚಪ್ಪರದ ಒಂದು ಫೋಟೋ ಸೇರಿಸಿ. ದೊಡ್ಡವರು ಉತ್ತರ ಕೊಡದಿರಬಹುದು, ಸಣ್ಣ ತೋಟದವರು ಕೊಟ್ಟೇ ಕೊಡುತ್ತಾರೆ. ಡೌರೋದಲ್ಲಿ ನನ್ನ ಫೋಟೋ ನೋಡಿದವರು ಕೇಳಿದ ಮೊದಲ ಪ್ರಶ್ನೆ, ಇಷ್ಟು ಎತ್ತರದಲ್ಲಿ ಯಾರು ಕಟ್ಟುತ್ತಾರೆ, ಕತ್ತು ನೋಯುವುದಿಲ್ಲವಾ ಅಂತ. ನೋಯುತ್ತದೆ ಅಂದೆ. ಆಮೇಲೆ ಒಂದು ಗಂಟೆ ಮಾತು.

ಈ ಸಲ ಅಪ್ಪನನ್ನು ಕರೆದುಕೊಂಡು ಮತ್ತೆ ಕಾಖೇಟಿಗೆ ಹೊರಟಿದ್ದೇನೆ, ಸೆಪ್ಟೆಂಬರ್ ಕೊನೆಯ ವಾರ. ಅದಕ್ಕೆ ತಕ್ಕ ಹಾಗೆ ಪ್ರೂನಿಂಗ್ ಮೊದಲೇ ಮುಗಿಸಿದ್ದಾರೆ, ಸ್ಪ್ರೇ ನೋಡಿಕೊಳ್ಳಲು ಚಿಕ್ಕಪ್ಪ ಒಪ್ಪಿದ್ದಾರೆ. ಅಪ್ಪ ಕೇಳಿದ್ದು ಒಂದೇ, ಅಲ್ಲಿ ಚಪ್ಪರ ಇದೆಯಾ ಅಂತ. ತೋಟದಲ್ಲಿ ಸಾಲು, ಆದರೆ ಮನೆ ಅಂಗಳದಲ್ಲಿ ಕಬ್ಬಿಣದ ಪೈಪಿನ ಮೇಲೆ ಚಪ್ಪರ ಇದೆ ಅಂದೆ. ಊಟಕ್ಕೆ ಅದರ ಕೆಳಗೇ ಕೂರಿಸುತ್ತಾರೆ.